ಮಚ್ಚೆ ಇಲ್ಲದ ಮಗುವಿನ ಮೈಯಲ್ಲಿ

ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಕುಷ್ಠರೋಗ ಎಂದು ಖಚಿತವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಆ ಮನೆಗೆ ಬರುತ್ತಾರೆ. ಊರಿನ ಆಶಾ ಕಾರ್ಯಕರ್ತೆ ಜೊತೆಗಿರುತ್ತಾರೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೆಳಕಿರುವ ಕಡೆ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಬೆನ್ನು, ತೋಳು, ತೊಡೆ, ಕೆನ್ನೆ ನೋಡುತ್ತಾರೆ. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ, ಇಲ್ಲವೇ ತಾಮ್ರದ ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಾರೆ. ಮಚ್ಚೆ ಕಾಣದಿದ್ದರೆ ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಮುಂದೆ ಲಕ್ಷಣವಿಲ್ಲ ಎಂದು ಬರೆದುಕೊಳ್ಳುತ್ತಾರೆ. ತಾಯಿಗೆ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ.

ಆ ಸಮಾಧಾನಕ್ಕೆ ಆಧಾರವಿದೆ. ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಗೆ ಈ ಕ್ರಿಮಿಯನ್ನು ತಾವಾಗಿಯೇ ಹಿಮ್ಮೆಟ್ಟಿಸುವ ಶಕ್ತಿ ಇರುತ್ತದೆ. ಕುಷ್ಠರೋಗಿಯ ಮಗ್ಗುಲಲ್ಲೇ ಮಲಗಿ ಬೆಳೆದ ಬಹುತೇಕ ಮಕ್ಕಳಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಉಳಿದ ಕೆಲವು ಮಕ್ಕಳ ಬಗ್ಗೆ. ಚರ್ಮ ಸ್ವಚ್ಛವಾಗಿ ಕಾಣುತ್ತಿರುವಾಗಲೇ ಅವರ ಮೊಣಕೈಯ ನರದಲ್ಲಿ, ಮೂಗಿನ ಒಳಪೊರೆಯಲ್ಲಿ ರೋಗ ಕೆಲಸ ಶುರು ಮಾಡಿರಬಹುದು. ಮಚ್ಚೆಯನ್ನಷ್ಟೇ ಹುಡುಕುವ ಕಣ್ಣಿಗೆ ಅದು ಬೀಳುವುದಿಲ್ಲ.

ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಆರ್ಮಾಯರ್ ಹ್ಯಾನ್ಸನ್ ಎಂಬ ವೈದ್ಯ 1873ರಲ್ಲಿ ಗುರುತಿಸಿದ ಈ ಬ್ಯಾಕ್ಟೀರಿಯಾದ ಹೆಸರು ಮೈಕೋಬ್ಯಾಕ್ಟೀರಿಯಂ ಲೆಪ್ರೆ. ಅದರ ಎರಡು ಸ್ವಭಾವಗಳನ್ನು ತಿಳಿದುಕೊಂಡರೆ ಮಿಕ್ಕ ಕಥೆ ಅರ್ಥವಾಗುತ್ತದೆ. ಒಂದು, ಅದಕ್ಕೆ ಅವಸರವೇ ಇಲ್ಲ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಮ್ಮಡಿಯಾದರೆ ಇದಕ್ಕೆ ಎರಡು ವಾರದ ಹತ್ತಿರ ಬೇಕು. ಪ್ರಯೋಗಶಾಲೆಯ ತಟ್ಟೆಯಲ್ಲಿ ಇದನ್ನು ಬೆಳೆಸಲು ಇಂದಿಗೂ ಆಗಿಲ್ಲ. 1960ರಲ್ಲಿ ಇಲಿಯ ಅಂಗಾಲಿನಲ್ಲಿ ಬೆಳೆಸಿದ್ದೇ ದೊಡ್ಡ ಸಾಧನೆಯಾಯಿತು. ಮೈಯೊಳಗೆ ಹೊಕ್ಕ ಮೇಲೆ ಹೊರಗೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ ಹಿಡಿಯುವುದು ಈ ನಿಧಾನದಿಂದಲೇ. ಎರಡನೆಯದು, ಅದಕ್ಕೆ ತಂಪು ಬೇಕು. ದೇಹದ ಒಳಗಿನ 37 ಡಿಗ್ರಿ ಶಾಖ ಅದಕ್ಕೆ ಹಿಡಿಸದು. 30ರ ಆಸುಪಾಸಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಮೂಗಿನ ಮುಂಭಾಗ, ಕಿವಿಯ ಹಾಲೆ, ಕಣ್ಣಿನ ಮುಂಪದರ, ಗಂಟಲಿನ ಧ್ವನಿಪೆಟ್ಟಿಗೆ, ವೃಷಣ, ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುವ ನರಗಳು ಇವೆಲ್ಲ ದೇಹದ ತಂಪು ಜಾಗಗಳು. ಕುಷ್ಠ ಯಾವ ಅಂಗವನ್ನು ಹಿಡಿಯುತ್ತದೆ ಎಂಬ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಮಗುವಿನ ಮಟ್ಟಿಗೆ ಈ ಪಟ್ಟಿಯಲ್ಲಿ ಮೊದಲು ನಿಲ್ಲುವುದು ನರ.

ಮೊಣಕೈಯ ಒಳಬದಿಯ ಮೂಳೆಯ ಗುಬುಟಿನ ಹಿಂದೆ ಒಂದು ತೋಡಿದೆ. ಕೈ ಎಲ್ಲಾದರೂ ತಾಗಿದಾಗ ಕಿರುಬೆರಳವರೆಗೆ ಝುಮ್ ಎನ್ನುವ ಜಾಗ ಅದು. ಅಲ್ಲಿ ಹಾಯುವ ಅಲ್ನಾರ್ ನರ ಕಿರುಬೆರಳಿಗೂ ಉಂಗುರ ಬೆರಳಿಗೂ ಸ್ಪರ್ಶ ಕೊಡುತ್ತದೆ, ಅಂಗೈಯ ಸಣ್ಣ ಸ್ನಾಯುಗಳನ್ನು ಆಡಿಸುತ್ತದೆ. ಕುಷ್ಠದ ಕ್ರಿಮಿ ನರದೊಳಗೆ ಸೇರಿಕೊಳ್ಳುವುದು ಶ್ವಾನ್ ಕೋಶಗಳಲ್ಲಿ, ಅಂದರೆ ನರದ ಪ್ರತಿಯೊಂದು ಎಳೆಯನ್ನೂ ಸುತ್ತಿಕೊಂಡು ಕಾಪಾಡುವ ಕೋಶಗಳಲ್ಲಿ. ಕ್ರಿಮಿಯ ಹೊರಕವಚದಲ್ಲಿ ಪಿಜಿಎಲ್-1 ಎಂಬ ಒಂದು ಕೊಬ್ಬಿನ ಅಣುವಿದೆ. ಶ್ವಾನ್ ಕೋಶವನ್ನು ಸುತ್ತಿದ ಲ್ಯಾಮಿನಿನ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ, ಆ ಅಂಟಿನ ಮೂಲಕವೇ ಕ್ರಿಮಿ ಒಳಗೆ ದಾಟುತ್ತದೆ. 1990ರ ದಶಕದ ಕೊನೆಯಿಂದ 2000ರ ಹೊತ್ತಿಗೆ ಅನುರ ರಂಬುಕ್ಕನ ಮತ್ತು ಸಂಗಡಿಗರು ಈ ದಾರಿಯನ್ನು ಬಿಡಿಸಿ ತೋರಿಸಿದರು. ಒಳಗೆ ಹೋದ ಕ್ರಿಮಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಎಂದೋ ಒಂದು ದಿನ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಕಂಡುಹಿಡಿದು ಮೇಲೆ ಬಿದ್ದಾಗ ಆ ಹೋರಾಟ ನಡೆಯುವುದು ನರದ ಇಕ್ಕಟ್ಟಿನ ಹೊದಿಕೆಯೊಳಗೆ. ನರ ಊದಿಕೊಳ್ಳುತ್ತದೆ, ಒಳಗಿನ ಎಳೆಗಳು ಹಿಸುಕಿ ಸಾಯುತ್ತವೆ.

ಇಷ್ಟೆಲ್ಲ ಆಗುತ್ತಿದ್ದರೂ ಮಗುವಿಗೆ ಗೊತ್ತಾಗುವುದಿಲ್ಲ. ನರದ ಎಳೆಗಳಲ್ಲಿ ಸುಮಾರು ಶೇಕಡಾ ಮೂವತ್ತು ಹಾಳಾಗುವ ತನಕ ಸ್ಪರ್ಶ ಕಡಿಮೆಯಾದದ್ದು ಸಾಮಾನ್ಯ ಪರೀಕ್ಷೆಯಲ್ಲಿ ಹೊರಬೀಳುವುದೇ ಇಲ್ಲ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಉತ್ತರ ಪ್ರದೇಶದ ನೈನಿ ಮತ್ತು ಫೈಜಾಬಾದ್ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಎರಡು ವರ್ಷ ಬಿಡದೆ ಗಮನಿಸಿದ ಇನ್ಫಿರ್ ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ನೈಲಾನ್ ಎಳೆಯಿಂದ ಚರ್ಮ ಮುಟ್ಟಿ ನೋಡುವ ಪರೀಕ್ಷೆಯಲ್ಲಿ ದೋಷ ಸಿಗುವುದಕ್ಕೆ ಹನ್ನೆರಡು ವಾರ ಮೊದಲೇ ನರದ ವಿದ್ಯುತ್ ವಹನದಲ್ಲಿ, ಬಿಸಿಯನ್ನು ಗುರುತಿಸುವ ಶಕ್ತಿಯಲ್ಲಿ ಇಳಿಕೆ ಕಂಡಿತ್ತು. ಅವರು ದೊಡ್ಡವರು, ಅದೂ ರೋಗ ಗೊತ್ತಾಗಿ ಚಿಕಿತ್ಸೆಯಲ್ಲಿದ್ದವರು. ರೋಗವಿದೆ ಎಂಬುದೇ ಗೊತ್ತಿಲ್ಲದ, ಏನಾಗುತ್ತಿದೆ ಎಂದು ಹೇಳಲು ಬಾರದ ಆರು ವರ್ಷದ ಮಗುವಿನಲ್ಲಿ ಈ ಅಂತರ ಎಷ್ಟು ಉದ್ದವಾದೀತು ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ನುರಿತ ಕೈ ಇದನ್ನು ಹೇಗೆ ಹುಡುಕುತ್ತದೆ ಎಂದು ಹತ್ತಿರದಿಂದ ನೋಡಬೇಕು. ವೈದ್ಯರು ಮಗುವಿನ ಎದುರು ಕುಳಿತು ಅದರ ಮುಂಗೈಯನ್ನು ತಮ್ಮ ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಮೊಣಕೈ ಪೂರ್ತಿ ಮಡಚಿರಬಾರದು, ಪೂರ್ತಿ ಚಾಚಿಯೂ ಇರಬಾರದು. ಇನ್ನೊಂದು ಕೈಯ ಬೆರಳ ತುದಿಗಳನ್ನು ಆ ತೋಡಿನೊಳಗೆ ಇಟ್ಟು ಮೆಲ್ಲಗೆ ಅತ್ತಿಂದಿತ್ತ ಉರುಳಿಸುತ್ತಾರೆ. ಒತ್ತುವುದಿಲ್ಲ, ಉಗುರು ತಾಗಿಸುವುದಿಲ್ಲ. ಆರೋಗ್ಯವಂತ ಮಗುವಿನ ನರ ಬೆರಳಿನಡಿ ಹೂ ಕಟ್ಟುವ ನಾರಿನಂತೆ ಮೆತ್ತಗೆ ಜಾರುತ್ತದೆ. ರೋಗ ಸೇರಿದ ನರ ಗಡುಸಾಗಿ, ಉರುಟಾಗಿ ಸಿಗುತ್ತದೆ. ಕೆಲವೊಮ್ಮೆ ಮುಟ್ಟಿದ ಕೂಡಲೇ ಮಗು ಕೈ ಎಳೆದುಕೊಳ್ಳುತ್ತದೆ. ಆಗ ವೈದ್ಯರು ನೋಡಬೇಕಾದದ್ದು ಕೈಯನ್ನಲ್ಲ, ಮಗುವಿನ ಮುಖವನ್ನು. ಬಳಿಕ ಇನ್ನೊಂದು ಮೊಣಕೈ. ಮಕ್ಕಳ ನರದ ಗಾತ್ರ ವಯಸ್ಸಿಗೆ ತಕ್ಕಂತೆ ಬೇರೆಬೇರೆ ಇರುವುದರಿಂದ ಎಡವನ್ನು ಬಲಕ್ಕೆ ಹೋಲಿಸುವುದೇ ಸರಿಯಾದ ಅಳತೆ. ಹಾಗೆಯೇ ಕತ್ತನ್ನು ಒಂದು ಕಡೆ ತಿರುಗಿಸಿದಾಗ ಕಿವಿಯ ಕೆಳಗೆ ಎದ್ದು ಕಾಣುವ ನರ, ಮೊಣಕಾಲಿನ ಹೊರಬದಿಯಲ್ಲಿ ಮೂಳೆಯ ಕತ್ತನ್ನು ಬಳಸಿ ಹೋಗುವ ನರ, ಪಾದದ ಒಳಗಿಣ್ಣಿನ ಹಿಂದಿನ ನರ. ಬಲ್ಲವರಿಗೆ ಇದೆಲ್ಲ ಮುಗಿಯಲು ಕೆಲವೇ ನಿಮಿಷ ಸಾಕು. ಯಾವ ಯಂತ್ರವೂ ಬೇಕಿಲ್ಲ.

ಆದರೆ ಕಲಿತ ಕೈಗಳು ಕಡಿಮೆಯಾಗುತ್ತಿವೆ. ಕುಷ್ಠಕ್ಕೆಂದೇ ಮೀಸಲಾಗಿದ್ದ ಸಿಬ್ಬಂದಿ ಸಾಮಾನ್ಯ ಆರೋಗ್ಯ ಸೇವೆಯಲ್ಲಿ ಬೆರೆತುಹೋದರು, ಹಳಬರು ನಿವೃತ್ತರಾದರು. ಈಗಿನ ಯುವ ವೈದ್ಯರಲ್ಲಿ ದಪ್ಪವಾದ ನರವನ್ನು ಒಮ್ಮೆಯೂ ಮುಟ್ಟಿ ನೋಡದವರು ಇದ್ದಾರೆ. ಹೈದರಾಬಾದಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಚ್ಚು ಸ್ಪಷ್ಟತೆಯ ಅಲ್ಟ್ರಾಸೌಂಡ್ ಬಳಸಿ ನರಗಳನ್ನು ನೋಡಿತು. ಕೈಗೆ ಸಿಗದ ಊತ, ನರದೊಳಗೆ ಹೆಚ್ಚಿದ ರಕ್ತಸಂಚಾರ ಪರದೆಯ ಮೇಲೆ ಕಾಣಿಸಿತು. ಬ್ರೆಜಿಲಿನ ಉಬರ್ಲಾಂಡಿಯಾ, ರಿಬೆರಾವ್ ಪ್ರೆಟೊ ನಗರಗಳ ತಂಡಗಳು ಇದೇ ಉಪಕರಣವನ್ನು ರೋಗಿಗಳ ಮನೆಯವರ ಮೇಲೆ, ಮೈಮೇಲೆ ಯಾವ ಲಕ್ಷಣವೂ ಇಲ್ಲದವರ ಮೇಲೆ ಬಳಸಿದವು. ಅಂಥವರಲ್ಲೂ ಕೆಲವರ ನರ ದಪ್ಪವಾಗಿತ್ತು, ವಿದ್ಯುತ್ ಪರೀಕ್ಷೆಯಲ್ಲಿ ಏರುಪೇರು ಸಿಕ್ಕಿತು. ಚರ್ಮವನ್ನು ಮುಟ್ಟದೆ ನರವನ್ನಷ್ಟೇ ಹಿಡಿಯುವ ಕುಷ್ಠ ಭಾರತದ ವೈದ್ಯರಿಗೆ ಹೊಸದೇನೂ ಅಲ್ಲ, ಅದಕ್ಕೆ ಪಠ್ಯಪುಸ್ತಕದಲ್ಲಿ ಬೇರೆ ಅಧ್ಯಾಯವೇ ಇದೆ. ಆದರೂ ಮನೆಮನೆಯ ತಪಾಸಣೆಯಲ್ಲಿ ಮಚ್ಚೆಯೇ ಇಂದಿಗೂ ಮೊದಲ ಪ್ರಶ್ನೆ, ಬಹಳ ಕಡೆ ಕೊನೆಯ ಪ್ರಶ್ನೆಯೂ ಅದೇ.

ಈಗ ಮೂಗು. ಚಿಕಿತ್ಸೆ ಪಡೆಯದ, ಕ್ರಿಮಿ ಹೆಚ್ಚಿರುವ ಬಗೆಯ ರೋಗಿಯ ಮೂಗಿನಿಂದ ದಿನವೊಂದಕ್ಕೆ ಲಕ್ಷಗಟ್ಟಲೆ ಜೀವಂತ ಕ್ರಿಮಿಗಳು ಹೊರಬೀಳಬಲ್ಲವು ಎಂದು 1970ರ ದಶಕದಲ್ಲೇ ಡೇವಿ ಮತ್ತು ರೀಸ್ ಎಂಬ ವೈದ್ಯರು ತೋರಿಸಿದ್ದರು. ಹೊರಬೀಳುವ ದಾರಿ ಅದೇ, ಬಹುಶಃ ಒಳಹೊಗುವ ದಾರಿಯೂ ಅದೇ. ತಮಿಳುನಾಡಿನ ವೆಲ್ಲೂರು ಬಳಿಯ ಕರಿಗಿರಿಯಲ್ಲಿ ದಶಕಗಳಿಂದ ಕುಷ್ಠದ ಸಂಶೋಧನೆ ನಡೆಯುತ್ತಿದೆ. ಅಲ್ಲಿಯ ತಂಡವೊಂದು 1998ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಚರ್ಮದಲ್ಲಿ ಒಂದೂ ಮಚ್ಚೆಯಿಲ್ಲದ, ನರ ಮಾತ್ರ ದಪ್ಪವಾಗಿದ್ದ ರೋಗಿಗಳ ಮೂಗಿನ ಒಳಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಅಲ್ಲಿಯೂ ಕುಷ್ಠದ ಗುರುತುಗಳಿದ್ದವು. ಕೈಯ ನರವೊಂದರ ಕಾಯಿಲೆ ಎಂದುಕೊಂಡದ್ದು ಅಷ್ಟಕ್ಕೇ ನಿಂತಿರಲಿಲ್ಲ.

ಮಕ್ಕಳಿಗೆ ನೆಗಡಿ ಬಿಡುವುದೇ ಇಲ್ಲ ಎನ್ನುವುದು ಎಲ್ಲ ಮನೆಯ ಮಾತು, ಅದರಲ್ಲಿ ಸಾವಿರಕ್ಕೊಂದೂ ಕುಷ್ಠವಲ್ಲ. ಆದರೆ ಕ್ರಿಮಿ ಹೆಚ್ಚಿರುವ ರೋಗಿಯಿದ್ದ ಮನೆಯ ಮಗುವಿಗೆ ತಿಂಗಳುಗಟ್ಟಲೆ ಮೂಗು ಕಟ್ಟಿದ್ದರೆ, ಒಳಗೆ ಹಕ್ಕಳೆ ಕಟ್ಟಿ ಅದನ್ನು ಕೀಳುವಾಗ ರಕ್ತ ಜಿನುಗುತ್ತಿದ್ದರೆ, ಟಾರ್ಚು ಹಾಕಿ ಒಳಗೆ ನೋಡುವುದಕ್ಕೆ ಆ ವೈದ್ಯರಿಗೆ ಯಾವ ಖರ್ಚೂ ಇಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆ, ಪಕ್ಕದ ಕೆಳಗಿನ ಮಡಿಕೆಯ ಮುಂತುದಿ ಇವೆರಡೇ ಜಾಗದಲ್ಲಿ ಪೊರೆ ಹಳದಿ ಛಾಯೆಗೆ ತಿರುಗಿ ದಪ್ಪವಾಗಿದೆಯೇ ಎಂದು ನೋಡಿದರೆ ಸಾಕು. ನಡುಗೋಡೆಯ ಮೃದ್ವಸ್ಥಿ ಕರಗಿ ಮೂಗು ಕುಸಿಯುವುದು ಅದೆಷ್ಟೋ ವರ್ಷದ ಬಳಿಕ.

ಮೂಗಿನ ಈ ಕಥೆಗೆ ಮಧ್ಯಯುಗದ ಸಾಕ್ಷಿಯೂ ಇದೆ. ಡೆನ್ಮಾರ್ಕಿನ ನೆಸ್ಟ್‌ವೆಡ್ ಊರಿನಲ್ಲಿ ಆ ಕಾಲದ ಕುಷ್ಠಾಲಯವೊಂದರ ಸ್ಮಶಾನವಿತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವಿಲ್ಹೆಲ್ಮ್ ಮೊಲರ್-ಕ್ರಿಸ್ಟೆನ್ಸನ್ ಎಂಬ ವೈದ್ಯ ಅಲ್ಲಿ ಅಗೆದು ನೂರಾರು ಅಸ್ಥಿಪಂಜರಗಳನ್ನು ತೆಗೆದು ನೋಡಿದರು. ಮೂಗಿನ ಬುಡದ ಸಣ್ಣ ಮುಳ್ಳುಮೂಳೆ ಸವೆದುಹೋಗಿರುವುದು, ಮೇಲ್ದವಡೆಯ ಮುಂಭಾಗ ಕರಗಿ ಬಾಚಿಹಲ್ಲುಗಳು ಸಡಿಲವಾಗಿರುವುದು ಕುಷ್ಠದ ತಲೆಬುರುಡೆಯ ಲಕ್ಷಣ ಎಂದು ಜಗತ್ತಿಗೆ ಗೊತ್ತಾದದ್ದು ಅವರಿಂದ. ಅಲ್ಲಿಯೇ ಹಲ್ಲಿನ ಇನ್ನೊಂದು ವಿಚಿತ್ರವೂ ಸಿಕ್ಕಿತು. ಕೆಲವರ ಮೇಲ್ದವಡೆಯ ಬಾಚಿಹಲ್ಲಿನ ಬೇರು ಪೂರ್ತಿ ಬೆಳೆಯದೆ ನಡುವೆ ಹಿಸುಕಿದಂತೆ ಕಿರಿದಾಗಿತ್ತು. ಶಾಶ್ವತ ಬಾಚಿಹಲ್ಲಿನ ಬೇರು ಬೆಳೆಯುವುದು ಬಾಲ್ಯದಲ್ಲಿ. ಹಾಗಾಗಿ ಆ ಗುರುತಿರುವವರಿಗೆ ರೋಗ ಹಿಡಿದದ್ದು ಎಳವೆಯಲ್ಲೇ, ಮೂಗು ಮತ್ತು ಮೇಲ್ದವಡೆಗೆ ಅದು ಬಂದದ್ದೂ ಆಗಲೇ ಎಂದು ಅರ್ಥಮಾಡಿಕೊಳ್ಳಲಾಯಿತು. ಬದುಕಿದ್ದಾಗ ತುಟಿಯ ಹಿಂದೆ, ವಸಡಿನೊಳಗೆ ಯಾರಿಗೂ ಕಾಣದಂತೆ ಇದ್ದ ಹಾನಿ ಅದು.

ಯಕೃತ್ತು, ಕಣ್ಣುಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಮಕ್ಕಳಲ್ಲಿ ಕುಷ್ಠ ಸಾಮಾನ್ಯವಾಗಿ ಒಂದೋ ಎರಡೋ ಮಚ್ಚೆಯ ಸೌಮ್ಯ ರೂಪದಲ್ಲಿರುತ್ತದೆ. ಕ್ರಿಮಿ ಮೈತುಂಬ ಹರಡಿದ ರೂಪ ಕಡಿಮೆ. ಕರಿಗಿರಿಯ ವೈದ್ಯರು 1971ರಲ್ಲಿ ರೋಗಿಗಳ ಯಕೃತ್ತಿನ ಚೂರುಗಳನ್ನು ಪರೀಕ್ಷಿಸಿದಾಗ ತೀವ್ರ ರೂಪದವರಲ್ಲಿ ಅನೇಕರಲ್ಲಿ, ಸೌಮ್ಯ ರೂಪದವರಲ್ಲೂ ಕೆಲವರಲ್ಲಿ ರೋಗದ ಸಣ್ಣ ಗಂಟುಗಳು ಕಂಡವು. ಕುಷ್ಠ ಚರ್ಮರೋಗವಷ್ಟೇ ಅಲ್ಲ ಎಂಬುದಕ್ಕೆ ಅದೊಂದು ಪುರಾವೆ. ಆದರೂ ಯಕೃತ್ತು ಅದರಿಂದ ಸೋಲುವುದು ಅಪರೂಪ. ಮಗುವಿನ ತಾಯಿಗೆ ಆ ಭಯ ಹುಟ್ಟಿಸುವ ಅಗತ್ಯವಿಲ್ಲ. ಕಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆನ್ನೆಯ ಮೇಲೆ, ಕಣ್ಣಿನ ಹತ್ತಿರ ಮಚ್ಚೆಯಿದ್ದು ಅದು ಕೆಂಪಾಗಿ ಊದಿಕೊಂಡರೆ ರೆಪ್ಪೆ ಮುಚ್ಚಿಸುವ ನರ ಕೈಕೊಡಬಹುದು. ಮಲಗಿದಾಗ ಮಗುವಿನ ಒಂದು ಕಣ್ಣು ಅರೆ ತೆರೆದಿದೆಯೇ ಎಂದು ತಾಯಿ ನೋಡಿದರೆ ಅದು ವೈದ್ಯರ ಪರೀಕ್ಷೆಯಷ್ಟೇ ಬೆಲೆಯುಳ್ಳದ್ದು.

ಮಕ್ಕಳ ಮಚ್ಚೆಯೂ ಸುಲಭದಲ್ಲಿ ಕೈಗೆ ಸಿಗುವುದಿಲ್ಲ. ನಮ್ಮ ಊರುಗಳಲ್ಲಿ ಮಗುವಿನ ಕೆನ್ನೆಯ ಬಿಳಿಚು ಕಲೆಯನ್ನು ಹೊಟ್ಟೆಹುಳು ಎನ್ನುತ್ತಾರೆ, ಕ್ಯಾಲ್ಸಿಯಂ ಕಮ್ಮಿ ಎನ್ನುತ್ತಾರೆ, ಚಿಬ್ಬು, ಗಜಕರ್ಣ ಎಂದು ಮುಲಾಮು ಹಚ್ಚುತ್ತಾರೆ, ತೊನ್ನು ಇರಬಹುದೆಂದು ಹೆದರುತ್ತಾರೆ. ಬಹಳ ಸಲ ಅದು ನಿಜಕ್ಕೂ ಇಂಥದ್ದೇ ಏನಾದರೂ ಆಗಿರುತ್ತದೆ. ಕುಷ್ಠದ ಮಚ್ಚೆಗೆ ಸ್ಪರ್ಶವಿರುವುದಿಲ್ಲ ಎನ್ನುವ ಪಾಠ ಮುಖದ ಮೇಲೆ ಕೈಕೊಡುತ್ತದೆ, ಏಕೆಂದರೆ ಮುಖಕ್ಕೆ ನರಗಳ ಪೂರೈಕೆ ಧಾರಾಳ. ಅಲ್ಲಿ ಕುಷ್ಠದ ಮಚ್ಚೆಗೂ ಸ್ಪರ್ಶ ಉಳಿದಿರಬಹುದು. ಇನ್ನು ಐದು ವರ್ಷದ ಮಗುವಿಗೆ ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ತಾಗಿಸಿ, ಎಲ್ಲಿ ಮುಟ್ಟಿದೆ ತೋರಿಸು ಎಂದರೆ ಅದು ಬೆರಳ ಸಂದಿಯಿಂದ ಇಣುಕುತ್ತದೆ, ಊಹಿಸುತ್ತದೆ, ಒಳ್ಳೆಯ ಉತ್ತರ ಕೊಡಬೇಕೆಂಬ ಆಸೆಯಿಂದ ಸುಮ್ಮನೆ ಹೂಂ ಎನ್ನುತ್ತದೆ. ಹನ್ನೆರಡು, ಹದಿಮೂರರ ಹುಡುಗಿಯರ ಮೈಯನ್ನು ಪುರುಷ ಸಿಬ್ಬಂದಿ ನೋಡುವ ಹಾಗಿಲ್ಲ; ಹಾಗಾಗಿ ಮುಂಗೈ, ಮುಖ ನೋಡಿ ಮುಗಿಸಿಬಿಡುತ್ತಾರೆ. ತಪಾಸಣೆಗೆ ಹೋಗುವ ತಂಡದಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು ಎಂಬುದು ಸೌಜನ್ಯದ ಮಾತು ಮಾತ್ರವಲ್ಲ, ರೋಗ ಪತ್ತೆಯ ಮಾತೂ ಹೌದು.

ಹುಡುಕಿದರೆ ಎಷ್ಟು ಸಿಗುತ್ತದೆ? ಬ್ರೆಜಿಲಿನ ಅಮೆಜಾನ್ ಸೀಮೆಯ ಪಾರಾ ರಾಜ್ಯದಲ್ಲಿ, ಕುಷ್ಠ ಹೆಚ್ಚಿರುವ ಎಂಟು ಪಟ್ಟಣಗಳ ಸರ್ಕಾರಿ ಶಾಲೆಗಳಿಂದ 1,592 ಮಕ್ಕಳನ್ನು ಆರಿಸಿ ತಜ್ಞರು ಮೈಪೂರ್ತಿ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 63 ಮಕ್ಕಳಿಗೆ ಕುಷ್ಠವಿತ್ತು. ಅಲ್ಲಿಯವರೆಗೆ ಯಾರೂ ಅವರನ್ನು ಗುರುತಿಸಿರಲಿಲ್ಲ. ಅವರು ದಿನವೂ ಶಾಲೆಗೆ ಬರುತ್ತಿದ್ದ ಮಕ್ಕಳು. ಇನ್ನೂ ಬೆರಗಿನ ಸಂಗತಿ, ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಪಿಜಿಎಲ್-1 ವಿರುದ್ಧದ ಪ್ರತಿಕಾಯ ಇತ್ತು. ಅಂದರೆ ಕ್ರಿಮಿ ಅವರ ಮೈಯನ್ನು ಒಮ್ಮೆಯಾದರೂ ಹೊಕ್ಕಿತ್ತು.

ಇಲ್ಲಿ ನಿಧಾನಿಸಬೇಕು. ಪ್ರತಿಕಾಯ ಇರುವುದು ರೋಗವಲ್ಲ. ರಕ್ತ ಪರೀಕ್ಷೆ ಪಾಸಿಟಿವ್ ಬಂದ ಮಗುವಿಗೆ ಮುಂದೆ ರೋಗ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು, ನಿಜ. ಆದರೂ ಅಂಥ ಮಕ್ಕಳಲ್ಲಿ ಬಹುಪಾಲಿಗೆ ಏನೂ ಆಗುವುದಿಲ್ಲ. ಮತ್ತೊಂದೆಡೆ, ಕ್ರಿಮಿ ಕಡಿಮೆಯಿರುವ ಬಗೆಯ ಕುಷ್ಠ ನಿಜವಾಗಿ ಇದ್ದ ಮಗುವಿನಲ್ಲಿ ಇದೇ ಪರೀಕ್ಷೆ ನೆಗೆಟಿವ್ ಬರಬಹುದು. ಫಿಲಿಪ್ಪೀನ್ಸಿನ ಕುಲಿಯಾನ್ ದ್ವೀಪದಲ್ಲಿ 1906ರಿಂದ ದೊಡ್ಡ ಕುಷ್ಠ ವಸಾಹತು ಇತ್ತು. ಅಲ್ಲಿ ರೋಗಿ ತಂದೆತಾಯಿಗೆ ಹುಟ್ಟಿದ ಮಕ್ಕಳನ್ನು ವೈದ್ಯ ಕಾಸಿಮಿರೊ ಲಾರಾ ವರ್ಷಗಟ್ಟಲೆ ಗಮನಿಸಿ, ನೊಲಾಸ್ಕೊ ಎಂಬವರ ಜೊತೆಗೂಡಿ 1956ರಲ್ಲಿ ಬರೆದರು. ಮಕ್ಕಳಲ್ಲಿ ಕಾಣಿಸಿಕೊಂಡ ರೋಗ ಸುಮಾರು ನಾಲ್ಕರಲ್ಲಿ ಮೂರು ಪಾಲು ತಾನಾಗಿಯೇ ವಾಸಿಯಾಗಿತ್ತು. ಮಗುವಿನ ದೇಹಕ್ಕೆ ಅಷ್ಟು ತಾಕತ್ತಿದೆ. ಅದನ್ನು ಮರೆತು, ಅಲ್ಟ್ರಾಸೌಂಡಿನಲ್ಲಿ ನರ ಒಂದು ಗೆರೆ ದಪ್ಪ ಕಂಡಿತೆಂದು, ರಕ್ತದಲ್ಲಿ ಪ್ರತಿಕಾಯ ಸಿಕ್ಕಿತೆಂದು ಮಗುವಿಗೆ ಕುಷ್ಠರೋಗಿ ಎಂಬ ಹಣೆಪಟ್ಟಿ ಕಟ್ಟಿದರೆ ರೋಗಕ್ಕಿಂತ ದೊಡ್ಡ ಹಾನಿ ಮಾಡಿದಂತೆ. ಹಾಗೆಂದು ನಾಲ್ಕನೆಯ ಮಗುವನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಆ ನಾಲ್ಕನೆಯದು ಯಾವುದೆಂದು ಮೊದಲ ದಿನವೇ ಹೇಳುವ ಪರೀಕ್ಷೆ ಇನ್ನೂ ನಮ್ಮ ಬಳಿ ಇಲ್ಲವಾದ್ದರಿಂದ ಉಳಿದಿರುವ ದಾರಿ ಒಂದೇ, ಮತ್ತೆಮತ್ತೆ ಮುಟ್ಟಿ ನೋಡುವುದು.

ಮುಟ್ಟಿ ನೋಡುವ ಬದಲು ದೂರ ಮಾಡಿದ ಕಾಲವೊಂದಿತ್ತು. ಬ್ರೆಜಿಲಿನಲ್ಲಿ ರೋಗಿಗಳಿಗೆ ಹುಟ್ಟಿದ ಶಿಶುಗಳನ್ನು ತಾಯಿಯಿಂದ ಅಗಲಿಸಿ ಬೇರೆ ಪಾಲನಾಗೃಹಗಳಲ್ಲಿ ಇಟ್ಟರು. ಹವಾಯಿಯ ಕಲಾವುಪಾಪಾದಲ್ಲೂ ಇದೇ ನಡೆಯಿತು. ಹಾಗೆ ಅಗಲಿಸಲ್ಪಟ್ಟ ಮಕ್ಕಳಿಗೆ, ಅವರು ಮುದುಕರಾದ ಮೇಲೆ, ಪಿಂಚಣಿ ಕೊಡುವ ಕಾನೂನನ್ನು ಬ್ರೆಜಿಲ್ ತಂದದ್ದು 2023ರಲ್ಲಿ. ಇಂದು ಅಂಥ ಅಗಲಿಕೆಗೆ ವೈದ್ಯಕೀಯವಾಗಿ ಕಿಂಚಿತ್ತೂ ಆಧಾರವಿಲ್ಲ. ಬಹುಔಷಧ ಚಿಕಿತ್ಸೆ ಶುರುವಾಗಿ ರಿಫಾಂಪಿಸಿನ್‌ನ ಮೊದಲ ಗುಳಿಗೆ ಹೊಟ್ಟೆಗೆ ಹೋದ ಕೆಲವೇ ದಿನದಲ್ಲಿ ಜೀವಂತ ಕ್ರಿಮಿಗಳು ಬಹುತೇಕ ಸಾಯುತ್ತವೆ. ಮಾತ್ರೆ ನುಂಗುತ್ತಿರುವ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಡಬಹುದು. ಮಗುವಿಗೆ ತಗುಲಬೇಕಾದದ್ದು ತಗುಲಿದ್ದು ಅದಕ್ಕೆ ಮುಂಚೆ, ಅಜ್ಜಿಯ ಕಿವಿಹಾಲೆ ದಪ್ಪವಾಗುತ್ತಿದ್ದರೂ ಯಾರೂ ಗಮನಿಸದಿದ್ದ ವರ್ಷಗಳಲ್ಲಿ. ಕ್ರಿಮಿ ಹೆಚ್ಚಿರುವ ಬಗೆಯ ರೋಗಿಯ ಮನೆಯವರಿಗೆ ಅಪಾಯ ಉಳಿದವರಿಗಿಂತ ಐದರಿಂದ ಹತ್ತು ಪಟ್ಟು ಹೆಚ್ಚು ಎನ್ನುವುದು ಆ ವರ್ಷಗಳ ಲೆಕ್ಕ.

ಒಂದು ಗುಳಿಗೆಯ ರಕ್ಷಣೆಯೂ ಈಗ ಇದೆ. ಬಾಂಗ್ಲಾದೇಶದಲ್ಲಿ ರೋಗಿಗಳ ಸಂಪರ್ಕದಲ್ಲಿದ್ದ 21,711 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಸಲ ರಿಫಾಂಪಿಸಿನ್ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶದಂತೆ ಮೊದಲ ಎರಡು ವರ್ಷದಲ್ಲಿ ಹೊಸ ರೋಗ ಶೇ 57ರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಎರಡು ವರ್ಷ ದಾಟಿದ ಸಂಪರ್ಕಿತರಿಗೆ ಶಿಫಾರಸು ಮಾಡಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ಇದು ಸೇರಿದೆ. ಹತ್ತರಿಂದ ಹದಿನಾಲ್ಕು ವರ್ಷದವರಿಗೆ 450 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ ತೂಕ ನೋಡಿ ಇನ್ನೂ ಕಡಿಮೆ. ಕೊಡುವ ಮುಂಚೆ ಕುಷ್ಠವಾಗಲಿ ಕ್ಷಯವಾಗಲಿ ಇಲ್ಲ ಎಂದು ನೋಡಿಕೊಳ್ಳಬೇಕು. ಬಾಂಗ್ಲಾದೇಶದ ಆ ಅಧ್ಯಯನದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದೂರದ ನೆರೆಹೊರೆಯವರಲ್ಲಿ ಗುಳಿಗೆ ಚೆನ್ನಾಗಿ ಕೆಲಸ ಮಾಡಿತು. ಒಂದೇ ಮನೆಯ, ಒಂದೇ ರಕ್ತದ ಹತ್ತಿರದವರಲ್ಲಿ ಫಲ ಕಡಿಮೆಯಿತ್ತು. ಹತ್ತಿರದವರ ಮೈಯಲ್ಲಿ ಆಗಲೇ ಹೆಚ್ಚು ಕ್ರಿಮಿ ಸೇರಿರುತ್ತದೆ, ಒಂದು ಗುಳಿಗೆ ಅದಕ್ಕೆ ಸಾಲದು ಎಂಬುದು ಇದಕ್ಕೆ ಕೊಡುವ ವಿವರಣೆ. ಬಾಂಗ್ಲಾದೇಶದಲ್ಲೇ ಆರೋಗ್ಯವಾಗಿದ್ದ ಸಂಪರ್ಕಿತರಿಗೆ ಬಿಸಿಜಿ ಲಸಿಕೆ ಕೊಟ್ಟಾಗ ಕೆಲವರಲ್ಲಿ ಮೂರೇ ತಿಂಗಳೊಳಗೆ ಮಚ್ಚೆ ಎದ್ದದ್ದೂ ಇದೇ ಮಾತನ್ನು ಹೇಳುತ್ತದೆ. ಲಸಿಕೆ ರೋಗ ತರಲಿಲ್ಲ, ಒಳಗೆ ಅಡಗಿದ್ದದ್ದನ್ನು ಹೊರಗೆಳೆಯಿತು. ಹಾಗಾಗಿ ಗುಳಿಗೆ ನುಂಗಿಸಿದ ಮಾತ್ರಕ್ಕೆ ಮನೆಯ ಮಗುವಿನ ಕಡತ ಮುಚ್ಚುವ ಹಾಗಿಲ್ಲ. ಉಳಿದವರಿಗಿಂತ ಹೆಚ್ಚು ನಿಗಾ ಬೇಕಾದದ್ದು ಅದೇ ಮಗುವಿಗೆ.

2005ರ ಡಿಸೆಂಬರಿನಲ್ಲಿ ಭಾರತ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳ ಮಟ್ಟ ತಲುಪಿತು; ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತು ಎಂದು ಘೋಷಿಸಲಾಯಿತು. ಜನ ಅದನ್ನು ಕುಷ್ಠವೇ ಹೋಯಿತು ಎಂದು ಕೇಳಿಸಿಕೊಂಡರು. 2016ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಹುಡುಕಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಸಿಕ್ಕರು. 2023ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ರೋಗಿಗಳು 1.8 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಒಂದು ಲಕ್ಷಕ್ಕೂ ಮೀರಿ ನಮ್ಮವರೇ. ಹದಿನೈದಕ್ಕಿಂತ ಚಿಕ್ಕ ಮಕ್ಕಳು ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು. ಇಷ್ಟು ನಿಧಾನದ ರೋಗ ಮಗುವಿನಲ್ಲಿ ಕಂಡಿತೆಂದರೆ ಸೋಂಕು ಹರಡಿದ್ದು ತೀರಾ ಈಚೆಗೆ, ಹರಡಿದವರು ಇನ್ನೂ ಚಿಕಿತ್ಸೆಯಿಲ್ಲದೆ ಹತ್ತಿರದಲ್ಲೇ ಎಲ್ಲೋ ಇರಬಹುದು ಎಂದರ್ಥ. ಮಗುವಿನ ಮಚ್ಚೆ ಕಂಡ ದಿನ ಮನೆಯ ಹಿರಿಯರನ್ನೆಲ್ಲ ಪರೀಕ್ಷಿಸಬೇಕಾದದ್ದು ಇದಕ್ಕೇ.

ಸಮಯಕ್ಕೆ ಸಿಕ್ಕರೆ ಆಗುವ ಒಳಿತು ಸಣ್ಣದಲ್ಲ. ನರದ ಶಕ್ತಿ ಕುಂದಿ ಆರು ತಿಂಗಳು ದಾಟಿರದಿದ್ದರೆ ಪ್ರೆಡ್ನಿಸೊಲೋನ್ ಕೊಟ್ಟು ಬಹಳಷ್ಟನ್ನು ಮರಳಿ ಪಡೆಯಬಹುದು. ದಾಟಿದರೆ ಕಿರುಬೆರಳು, ಉಂಗುರ ಬೆರಳು ಮಡಚಿಕೊಂಡು ಹಾಗೆಯೇ ನಿಲ್ಲುತ್ತವೆ. ಮಗುವಿನ ಅಕ್ಷರ ಕೆಡುತ್ತದೆ, ಬಿಸಿಯೂಟದ ತಟ್ಟೆ ಕೈಯಿಂದ ಜಾರುತ್ತದೆ, ಕಾಲಿನ ಚಪ್ಪಲಿ ಕಳಚಿಬಿದ್ದದ್ದು ತಿಳಿಯದೆ ಮುಂದೆ ನಡೆದುಹೋಗುತ್ತದೆ. ಇವುಗಳನ್ನು ಮೊದಲು ಕಾಣುವವರು ಶಾಲೆಯ ಮೇಷ್ಟ್ರು, ಮೇಡಂ. ಬೈಯುವ ಮುಂಚೆ ಆ ಕೈಯನ್ನು ಒಮ್ಮೆ ಹಿಡಿದು ನೋಡಿದರೆ ಎಷ್ಟೋ ಬೆರಳುಗಳು ಉಳಿದಾವು. ಮಕ್ಕಳ ಚಿಕಿತ್ಸೆಯ ಪೊಟ್ಟಣ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದರಲ್ಲಿರುವ ಕ್ಲೊಫಾಜಿಮಿನ್‌ನಿಂದ ಮಗುವಿನ ಮೈಬಣ್ಣ ಕೆಲವು ತಿಂಗಳು ಕಪ್ಪಿಡುತ್ತದೆ, ಆಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಸಹಪಾಠಿಗಳ ಮಾತಿಗೆ ನೊಂದು ಮಗು ಮಾತ್ರೆಯನ್ನೇ ಬಿಟ್ಟುಬಿಡುತ್ತದೆ. ಹೇಳಿದರೆ ತಡೆದುಕೊಳ್ಳುತ್ತದೆ.

ಉಳಿದ ಅಡಚಣೆ ಊರು ಬಿಡುವುದು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಊರಿನ ಆಶಾ ಅವರ ರಿಜಿಸ್ಟರು ಊರಿನಲ್ಲೇ ಉಳಿಯುತ್ತದೆ. ಅಜ್ಜನ ಹನ್ನೆರಡು ತಿಂಗಳ ಚಿಕಿತ್ಸೆ ಮುಗಿದು ಅವರ ಹೆಸರು ಪಟ್ಟಿಯಿಂದ ಇಳಿದಿರುತ್ತದೆ. ಮೊಮ್ಮಗನ ಮೈಯಲ್ಲಿ ಕ್ರಿಮಿ ಇದ್ದರೆ ಅದು ಹೊರಬರುವ ಕಾಲ ಆಗಷ್ಟೇ ಶುರು. ವರ್ಷಕ್ಕೊಮ್ಮೆಯಂತೆ ಕನಿಷ್ಠ ಐದು ವರ್ಷ ಆ ಹುಡುಗನ ನರ, ಮೂಗು, ಚರ್ಮ ನೋಡಬೇಕು ಎನ್ನುವುದಾದರೆ, ಎಲ್ಲಿ ನೋಡಬೇಕು, ಯಾರು ನೋಡಬೇಕು ಎಂಬುದಕ್ಕೂ ಉತ್ತರವಿರಬೇಕು. ತಾಯಿ ಕಾರ್ಡು, ಲಸಿಕೆ ಕಾರ್ಡು ಹೇಗೆ ಟ್ರಂಕಿನಲ್ಲಿ ಭದ್ರವಾಗಿ ಮಗುವಿನ ಜೊತೆ ಊರೂರು ಸುತ್ತುತ್ತವೋ, ಸಂಪರ್ಕಿತ ಮಗುವಿನ ತಪಾಸಣೆಯ ದಾಖಲೆಯೂ ಅದರೊಳಗೇ ಒಂದು ಪುಟವಾಗಿ ಹೋಗಲಿ. ಹೊರಗಿನ ಕಣ್ಣಿಗೆ ಬೀಳುವಂತೆ ರೋಗದ ಹೆಸರು ಬರೆಯುವುದು ಬೇಡ. ಎಡ ಮೊಣಕೈ, ಬಲ ಮೊಣಕೈ, ಮೊಣಕಾಲು, ಮೂಗು ಎಂದು ನಾಲ್ಕು ಕಲಂ, ನೋಡಿದವರ ಸಹಿ, ಮುಂದಿನ ತಪಾಸಣೆಯ ತಿಂಗಳು. ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಲಸಿಕೆ ಹಾಕಲು ಹೋಗುವ ನಗರದ ಆರೋಗ್ಯ ಸಹಾಯಕಿಯರಿಗೆ ಆ ಪುಟ ಓದುವುದನ್ನೂ, ಮಗುವಿನ ಮೊಣಕೈ ಮುಟ್ಟಿ ನೋಡುವುದನ್ನೂ ಕಲಿಸಲು ಒಂದೆರಡು ದಿನದ ತರಬೇತಿ ಸಾಕು.